ಆಮ್ಲ, ಕ್ಷಾರ ಬೆರೆಸಿದಾಗ ತಾಪಮಾನ ಎಷ್ಟು ಏರುತ್ತದೆ? ಲೆಕ್ಕ ಹಾಕುವುದು ಹೀಗೆ, ಅಳೆಯುವುದು ಹೀಗೆ

ಎರಡು ಬೀಕರ್ ಇವೆ. ಒಂದರಲ್ಲಿ 50 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದರಲ್ಲಿ 50 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್. ಎರಡೂ 1 ಮೋಲಾರ್ (ಲೀಟರಿಗೆ 1 ಮೋಲ್; ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ), ಎರಡೂ 31 ಡಿಗ್ರಿಯಲ್ಲಿವೆ. ಬೆರೆಸಿದರೆ ಥರ್ಮಾಮೀಟರ್ ಎಲ್ಲಿಗೆ ಹೋಗಿ ನಿಲ್ಲುತ್ತದೆ?

ಪಿಯು ಮೊದಲ ವರ್ಷದ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು ನೋಡಿ. 13.7 ಡಿಗ್ರಿ ಏರುತ್ತದೆ ಅಂತ ಕೆಲವರು ಬರೆಯುತ್ತಾರೆ. 6.8 ಅಂತ ಕೆಲವರು ಬರೆಯುತ್ತಾರೆ. ಲ್ಯಾಬಿನಲ್ಲಿ ನಿಜವಾಗಿ ಬೆರೆಸಿದರೆ 6.2ರ ಆಸುಪಾಸು ಏನೋ ಬರುತ್ತದೆ. ಮೊದಲನೆಯದು ತಪ್ಪು. ಎರಡನೆಯದು ಕಾಗದದ ಮೇಲೆ ಸರಿ. ಮೂರನೆಯದು ವಿಜಯಪುರದಂಥ ಊರಿನ ಲ್ಯಾಬಿನ ಸತ್ಯ. ಈ ಮೂರು ಸಂಖ್ಯೆಗಳ ನಡುವಿನ ಅಂತರ ಎಲ್ಲಿಂದ ಬಂತು ಅಂತ ಹೇಳಬಲ್ಲವರಿಗೆ ಕ್ಯಾಲೋರಿಮೆಟ್ರಿ, ಅಂದರೆ ಶಾಖ ಅಳೆಯುವ ವಿದ್ಯೆ, ಬಂದಂತೆಯೇ.

ಮೊದಲು ಕಾಗದದ ಲೆಕ್ಕ

ಆಮ್ಲದ ಹೈಡ್ರೋಜನ್ ಅಯಾನು (ವಿದ್ಯುದಾವೇಶ ಇರುವ ಕಣ) ಮತ್ತು ಕ್ಷಾರದ ಹೈಡ್ರಾಕ್ಸೈಡ್ ಅಯಾನು ಸೇರಿ ನೀರಾಗುತ್ತದೆ. ಆಗ ಶಾಖ ಹೊರಬರುತ್ತದೆ. ಪ್ರಬಲ ಆಮ್ಲ, ಪ್ರಬಲ ಕ್ಷಾರ (ನೀರಿನಲ್ಲಿ ಪೂರ್ತಿ ಅಯಾನುಗಳಾಗುವಂಥವು) ಯಾವುದೇ ಇರಲಿ, ಒಂದು ಮೋಲ್ ನೀರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖ. ನಮ್ಮ ಪುಸ್ತಕಗಳು ಕೊಡುವ ಬೆಲೆ 57.1 ಕಿಲೋಜೂಲ್. ಸೋಡಿಯಂ, ಕ್ಲೋರೈಡ್ ಅಯಾನುಗಳು ಸುಮ್ನೆ ನೋಡುತ್ತಾ ನಿಂತಿರುತ್ತವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ನೈಟ್ರಿಕ್ ಆಮ್ಲ ತೆಗೆದುಕೊಂಡರೂ ಬೆಲೆ ಬದಲಾಗದಿರುವುದು ಅದಕ್ಕೇ.

ಹೆಜ್ಜೆ 1. ಮೋಲ್ ಎಷ್ಟು? ಸಾಂದ್ರತೆಯನ್ನು ಲೀಟರಿನಲ್ಲಿ ಬರೆದ ಗಾತ್ರದಿಂದ ಗುಣಿಸಿ. ಆಮ್ಲ: 1 × 0.050 = 0.050 ಮೋಲ್. ಕ್ಷಾರವೂ ಅಷ್ಟೇ.

ಹೆಜ್ಜೆ 2. ಯಾವುದು ಮೊದಲು ಮುಗಿಯುತ್ತದೆ? ಇಲ್ಲಿ ಎರಡೂ ಒಟ್ಟಿಗೆ ಮುಗಿಯುತ್ತವೆ. ಆದರೂ ಈ ಪ್ರಶ್ನೆಯನ್ನು ಪ್ರತಿ ಸಲ ಕೇಳಿಕೊಳ್ಳಿ. ಪರೀಕ್ಷೆಯಲ್ಲಿ ಬಲೆ ಹಾಕುವುದು ಇಲ್ಲೇ.

ಹೆಜ್ಜೆ 3. ಶಾಖ ಎಷ್ಟು? 0.050 × 57.1 = 2.855 ಕಿಲೋಜೂಲ್, ಅಂದರೆ 2855 ಜೂಲ್.

ಹೆಜ್ಜೆ 4. ಬಿಸಿಯಾಗಬೇಕಾದದ್ದು ಎಷ್ಟು? 13.7 ಹುಟ್ಟುವ ಜಾಗ ಇದು. ಶಾಖವನ್ನು 50 ಗ್ರಾಂ ಹೀರುವುದಿಲ್ಲ, 100 ಗ್ರಾಂ ಹೀರುತ್ತದೆ. ಬೆರೆಸುವ ಕಪ್ಪಿನಲ್ಲಿ ಆಮ್ಲವೂ ಇದೆ, ಕ್ಷಾರವೂ ಇದೆ ಅಲ್ವಾ? ಎರಡೂ ತೆಳು ದ್ರಾವಣ, ಹಾಗಾಗಿ 1 ಮಿ.ಲೀ.ಗೆ 1 ಗ್ರಾಂ ಅಂತ ಹಿಡಿಯುತ್ತೇವೆ. ವಿಶಿಷ್ಟ ಶಾಖವನ್ನು (1 ಗ್ರಾಂ 1 ಡಿಗ್ರಿ ಏರಲು ಬೇಕಾದ ಶಾಖ) ನೀರಿನದ್ದೇ ಹಿಡಿಯುತ್ತೇವೆ, ಗ್ರಾಂಗೆ ಡಿಗ್ರಿಗೆ 4.18 ಜೂಲ್.

ಹೆಜ್ಜೆ 5. ಭಾಗಿಸಿ. 2855 ÷ (100 × 4.18) = 2855 ÷ 418 = 6.83 ಡಿಗ್ರಿ. 31ಕ್ಕೆ ಕೂಡಿಸಿದರೆ 37.8.

ನಾಲ್ಕನೇ ಹೆಜ್ಜೆಯಲ್ಲಿ ಎರಡು ಸಣ್ಣ ಸುಳ್ಳು ಇವೆ, ಗೊತ್ತಿರಲಿ. ಉಪ್ಪು ಕರಗಿದ ನೀರು ಬರೀ ನೀರಿಗಿಂತ ಸ್ವಲ್ಪ ತೂಕ. ಅದರ ವಿಶಿಷ್ಟ ಶಾಖ 4.18ಕ್ಕಿಂತ ಸ್ವಲ್ಪ ಕಡಿಮೆ. ಒಂದು ಉತ್ತರವನ್ನು ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. ಕೊನೆಗೆ ಉಳಿಯುವ ತಪ್ಪು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಹಾಗಾಗಿ ಇವನ್ನು ತಿದ್ದುತ್ತಾ ಕೂರುವುದು ಬೇಡ. ತಲೆ ಕೆಡಿಸಿಕೊಳ್ಳಬೇಕಾದ ಜಾಗಗಳು ಬೇರೆ ಇವೆ.

ಗಾತ್ರ ಮುಖ್ಯವಲ್ಲ, ಸಾಂದ್ರತೆ ಮುಖ್ಯ

50ರ ಬದಲು 100 ಮಿ.ಲೀ. ಆಮ್ಲ, 100 ಮಿ.ಲೀ. ಕ್ಷಾರ ತೆಗೆದುಕೊಂಡರೆ? ಶಾಖ ಎರಡು ಪಟ್ಟು, ಬಿಸಿಯಾಗಬೇಕಾದ ದ್ರವವೂ ಎರಡು ಪಟ್ಟು. ಏರಿಕೆ ಅದೇ 6.83. ಆದರೆ ಎರಡನ್ನೂ 0.5 ಮೋಲಾರ್ ಮಾಡಿದರೆ ಏರಿಕೆ ಅರ್ಧಕ್ಕೆ, ಅಂದರೆ 3.4ಕ್ಕೆ ಇಳಿಯುತ್ತದೆ. ಸಮ ಗಾತ್ರ, ಸಮ ಸಾಂದ್ರತೆ ಇದ್ದಾಗ ಒಂದೇ ಸಾಲಿನಲ್ಲಿ ಮುಗಿಸಬಹುದು: ಏರಿಕೆ = 6.83 × ಸಾಂದ್ರತೆ. ಸಿಇಟಿ, ನೀಟ್ ತಯಾರಿಯಲ್ಲಿರುವವರಿಗೆ ಇದು ಸಮಯ ಉಳಿಸುತ್ತದೆ.

ನಮ್ಮ ಕಡೆ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಬಾಗಲಕೋಟೆ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಕಲಸಿದ ನೀರು ಬೆರೆಸುತ್ತಾರೆ. ಬೆಲ್ಲದ ಗಾಣದಲ್ಲೂ ಸುಣ್ಣ ಹಾಕುವುದುಂಟು. ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು, ಸುಣ್ಣ ಕ್ಷಾರ. ಇದೂ ತಟಸ್ಥೀಕರಣವೇ, ಅಂದರೆ ಆಮ್ಲ, ಕ್ಷಾರ ಸೇರುವುದೇ. ಹಾಗಿದ್ದರೂ ಹಾಲನ್ನು ಬಿಸಿ ಮಾಡಲು ಕಾರ್ಖಾನೆಯವರಿಗೆ ಹಬೆ ಬೇಕು, ಗಾಣದವರಿಗೆ ಉರಿ ಬೇಕು. ಯಾಕೆ? ಆಮ್ಲ ಅಷ್ಟು ತೆಳು. ಲೀಟರಿಗೆ 0.02 ಮೋಲ್ ಅಂತಲೇ ಇಟ್ಟುಕೊಳ್ಳಿ. ಸುಣ್ಣದ ನೀರಿನ ಗಾತ್ರವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 57.1 × 0.02 ÷ 4.18, ಕಾಲು ಡಿಗ್ರಿಗಿಂತ ಚೂರು ಜಾಸ್ತಿ. ಕೈ ಅದ್ದಿದರೂ ಗೊತ್ತಾಗುವುದಿಲ್ಲ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದಲ್ಲ, ಅದನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಆಮ್ಲವೇ ಇಲ್ಲ. ಸುಟ್ಟ ಸುಣ್ಣ ನೀರಿನ ಜೊತೆ ಸೇರಿದಾಗ ಬರುವ ಶಾಖ ಅದು.

ಸಮ ಇಲ್ಲದಿದ್ದಾಗ

30 ಮಿ.ಲೀ. ಆಮ್ಲ, 70 ಮಿ.ಲೀ. ಕ್ಷಾರ, ಎರಡೂ 1 ಮೋಲಾರ್. ಆಮ್ಲ 0.030 ಮೋಲ್, ಕ್ಷಾರ 0.070 ಮೋಲ್. ಆಮ್ಲ ಮೊದಲು ಮುಗಿಯುತ್ತದೆ. ಹುಟ್ಟುವ ನೀರು 0.030 ಮೋಲ್ ಮಾತ್ರ. ಶಾಖ 1713 ಜೂಲ್. ಆದರೆ ಬಿಸಿಯಾಗುವುದು ಪೂರ್ತಿ 100 ಗ್ರಾಂ. ಏರಿಕೆ 4.1 ಡಿಗ್ರಿ. ಉಳಿದ ಕ್ಷಾರ ಶಾಖ ಕೊಡುವುದಿಲ್ಲ, ಪಾಲು ಮಾತ್ರ ತೆಗೆದುಕೊಳ್ಳುತ್ತದೆ.

ಎರಡು ದ್ರಾವಣಗಳ ಆರಂಭದ ತಾಪಮಾನ ಬೇರೆ ಬೇರೆ ಇದ್ದರೆ ಸರಾಸರಿ ಹಿಡಿಯಿರಿ. ಆಮ್ಲ 30.2, ಕ್ಷಾರ 31.4, ಗಾತ್ರ ಸಮ ಆದರೆ ಆರಂಭ 30.8. ಗಾತ್ರ ಸಮ ಇಲ್ಲದಿದ್ದರೆ ಪ್ರತಿಯೊಂದನ್ನೂ ಅದರ ಗಾತ್ರದಿಂದ ಗುಣಿಸಿ, ಕೂಡಿಸಿ, ಒಟ್ಟು ಗಾತ್ರದಿಂದ ಭಾಗಿಸಿ.

ದುರ್ಬಲ ಆಮ್ಲ, ದುರ್ಬಲ ಕ್ಷಾರ ಬಂದರೆ 57.1 ಬಳಸುವಂತಿಲ್ಲ. ಅವುಗಳ ಅಣುಗಳನ್ನು ಒಡೆಯಲು ಸ್ವಲ್ಪ ಶಾಖ ಖರ್ಚಾಗುತ್ತದೆ. ಅಸಿಟಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಪುಸ್ತಕದ ಬೆಲೆ ಸುಮಾರು 55.2. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಮೋನಿಯಾ ದ್ರಾವಣ ಸೇರಿಸಿದರೆ ಸುಮಾರು 51.5. ಮೊದಲಿನ ಗಾತ್ರಗಳಿಗೇ ಲೆಕ್ಕ ಹಾಕಿದರೆ ಏರಿಕೆ 6.6 ಮತ್ತು 6.2.

ಸಲ್ಫ್ಯೂರಿಕ್ ಆಮ್ಲ ಬೇರೆಯದೇ ಕಥೆ. ಒಂದು ಮೋಲ್ ಆಮ್ಲ ಎರಡು ಮೋಲ್ ಹೈಡ್ರೋಜನ್ ಅಯಾನು ಕೊಡುತ್ತದೆ. 1 ಮೋಲಾರ್ ಆಮ್ಲ 50 ಮಿ.ಲೀ.ಗೆ 1 ಮೋಲಾರ್ ಕ್ಷಾರ 100 ಮಿ.ಲೀ. ಬೇಕು. ನೀರು 0.1 ಮೋಲ್, ಶಾಖ 5710 ಜೂಲ್, ದ್ರವ 150 ಗ್ರಾಂ. 5710 ÷ 627 = 9.1 ಡಿಗ್ರಿ. ಪರೀಕ್ಷೆಗೆ ಈ ಉತ್ತರ ಸಾಕು. ಲ್ಯಾಬಿನಲ್ಲಿ ಇದಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಆ ಆಮ್ಲದ ಎರಡನೇ ಹೈಡ್ರೋಜನ್ ಮೊದಲೇ ಪೂರ್ತಿ ಬಿಟ್ಟಿರುವುದಿಲ್ಲ, ಅದು ಬಿಡುವಾಗಲೂ ಶಾಖ ಹೊರಬರುತ್ತದೆ.

ಪ್ರಯೋಗಕ್ಕೆ ಬೇಕಾದದ್ದು

ಇದು ಲ್ಯಾಬಿನ ಪ್ರಯೋಗ, ಮನೆಯದ್ದಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ತಂದು ಮಾಡುವ ಐಡಿಯಾ ಇದ್ದರೆ ಈಗಲೇ ಬಿಡಿ. ಅದರ ಸಾಂದ್ರತೆ ನಿಮಗೆ ಗೊತ್ತಿರುವುದಿಲ್ಲ, ಏನೇನು ಬೆರೆಸಿದ್ದಾರೆ ಅನ್ನುವುದೂ ಗೊತ್ತಿರುವುದಿಲ್ಲ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಆಮ್ಲಕ್ಕಿಂತ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಕಣ್ಣಿಗೆ ಜಾಸ್ತಿ ಅಪಾಯ.

ಕ್ಷಾರದ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಿ. 100 ಮಿ.ಲೀ.ಗೆ 4 ಗ್ರಾಂ ಕರಗಿಸಿದರೆ 1 ಮೋಲಾರ್. ಕರಗುವಾಗ ಅದೂ ಬಿಸಿಯಾಗುತ್ತದೆ, ಮೋಲ್‌ಗೆ ಸುಮಾರು 44.5 ಕಿಲೋಜೂಲ್. ಅಂದರೆ 10 ಡಿಗ್ರಿಗೂ ಜಾಸ್ತಿ. ಆ ಬಿಸಿ ಆರುವ ಮೊದಲೇ ಪ್ರಯೋಗಕ್ಕೆ ಇಳಿದರೆ ಯಾವುದನ್ನು ಅಳೆಯುತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ.

ನನ್ನ ಸಲಹೆ, ಕ್ಷಾರವನ್ನು 1.0 ಬದಲು 1.1 ಮೋಲಾರ್ ಮಾಡಿ, 100 ಮಿ.ಲೀ.ಗೆ 4.4 ಗ್ರಾಂ. ಕಾಸ್ಟಿಕ್ ಸೋಡಾ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ತೂಗಿದ 4 ಗ್ರಾಂ ಪೂರ್ತಿ ಕಾಸ್ಟಿಕ್ ಸೋಡಾ ಆಗಿರುವುದಿಲ್ಲ. ಚೂರು ಜಾಸ್ತಿ ಇಟ್ಟುಕೊಂಡರೆ ಆಮ್ಲವೇ ಮೊದಲು ಮುಗಿಯುತ್ತದೆ. ಆಗ ನಿಖರವಾಗಿ ಗೊತ್ತಿರಬೇಕಾದದ್ದು ಆಮ್ಲದ ಸಾಂದ್ರತೆ ಒಂದೇ. ಅದನ್ನು ಟೈಟ್ರೇಷನ್ (ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವುದು) ಮಾಡಿ ತಿಳಿದುಕೊಂಡರೆ ಇನ್ನೂ ಒಳ್ಳೆಯದು. ಗಾಢ ಆಮ್ಲವನ್ನು ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಯಾವತ್ತೂ ಹಾಕಬಾರದು.

ಕ್ಯಾಲೋರಿಮೀಟರ್ ಅಂದರೆ ದೊಡ್ಡ ಯಂತ್ರ ಏನಲ್ಲ. ಥರ್ಮಾಕೋಲ್ ಕಪ್ಪು ಸಿಕ್ಕರೆ ಒಂದರೊಳಗೆ ಒಂದು ಇಡಿ. ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹತ್ತಿ ಸುತ್ತಿ ಬೀಕರಿನಲ್ಲಿ ಕೂರಿಸಿ. ಮುಚ್ಚಳ ಬೇಕು, ಅದರಲ್ಲಿ ಥರ್ಮಾಮೀಟರಿಗೊಂದು ತೂತು, ಕಲಕುವ ಗಾಜಿನ ಕಡ್ಡಿಗೊಂದು ತೂತು. ಸ್ಟೀಲ್ ಲೋಟ, ಅಲ್ಯೂಮಿನಿಯಂ ಪಾತ್ರೆ ಬೇಡ. ಅಲ್ಯೂಮಿನಿಯಮ್ಮನ್ನು ಆಮ್ಲವೂ ತಿನ್ನುತ್ತದೆ, ಕ್ಷಾರವೂ ತಿನ್ನುತ್ತದೆ.

ಥರ್ಮಾಮೀಟರಿನ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಒಂದೊಂದು ಡಿಗ್ರಿಗೆ ಗೀಟು ಇರುವುದನ್ನು ಬಳಸಿದರೆ ಏರಿಕೆ 6 ಅಂತಲೂ ಓದಬಹುದು, 7 ಅಂತಲೂ ಓದಬಹುದು. ಆ ಒಂದು ಡಿಗ್ರಿಯಿಂದಲೇ ಕೊನೆಯ ಉತ್ತರ (ಏರಿಕೆಯಿಂದ ಲೆಕ್ಕ ಹಾಕುವ, ಒಂದು ಮೋಲ್ ನೀರಿನ ಶಾಖ) ಸುಮಾರು 53ರಿಂದ 62 ಕಿಲೋಜೂಲ್‌ವರೆಗೆ ಓಡಾಡುತ್ತದೆ. 0.1 ಡಿಗ್ರಿ ತೋರಿಸುವುದು ಬೇಕು. ಎರಡು ದ್ರಾವಣಕ್ಕೂ ಒಂದೇ ಥರ್ಮಾಮೀಟರ್ ಬಳಸಿ, ನಡುವೆ ತೊಳೆದು ಒರೆಸಿ.

ಕಪ್ಪು ತಿನ್ನುವ ಶಾಖ

ಕಪ್ಪು, ಕಡ್ಡಿ, ಥರ್ಮಾಮೀಟರ್ ಕೂಡ ಬಿಸಿಯಾಗುತ್ತವೆ. ಅವುಗಳ ಪಾಲು ಎಷ್ಟು ಅಂತ ಬರೀ ನೀರಿನಿಂದಲೇ ತಿಳಿದುಕೊಳ್ಳಬಹುದು. ಕಪ್ಪಿನಲ್ಲಿ 50 ಮಿ.ಲೀ. ತಣ್ಣೀರು ಹಾಕಿ, ತಾಪಮಾನ ಬರೆದುಕೊಳ್ಳಿ. ಇನ್ನೊಂದು ಬೀಕರಿನಲ್ಲಿ 50 ಮಿ.ಲೀ. ಬಿಸಿನೀರಿನ ತಾಪಮಾನ ನೋಡಿ, ಕೂಡಲೇ ಕಪ್ಪಿಗೆ ಸುರಿದು ಮುಚ್ಚಿ, ಕಲಕಿ.

ತಣ್ಣೀರು 30.0, ಬಿಸಿನೀರು 50.0, ಬೆರೆಸಿದ ಮೇಲೆ 39.5 ಬಂತು ಅಂದುಕೊಳ್ಳಿ. ಬಿಸಿನೀರು ಕಳೆದುಕೊಂಡದ್ದು 50 × 4.18 × 10.5 = 2194.5 ಜೂಲ್. ತಣ್ಣೀರು ಪಡೆದದ್ದು 50 × 4.18 × 9.5 = 1985.5 ಜೂಲ್. ಕಾಣೆಯಾದದ್ದು 209 ಜೂಲ್. ಅದು ಹೋದದ್ದು ಕಪ್ಪಿಗೆ. ಕಪ್ಪಿನ ತಾಪಮಾನವೂ 30ರಿಂದ 39.5ಕ್ಕೆ ಏರಿದೆ. 209 ÷ 9.5 = 22. ಅಂದರೆ ಕಪ್ಪು ಒಂದು ಡಿಗ್ರಿ ಏರಲು 22 ಜೂಲ್ ಬೇಕು. ಇದೇ ಕ್ಯಾಲೋರಿಮೀಟರಿನ ಸ್ಥಿರಾಂಕ. ನಿಮ್ಮ ಕಪ್ಪಿಗೆ ಬೇರೆ ಬೆಲೆ ಬರುತ್ತದೆ, ನೀವೇ ಅಳೆಯಬೇಕು.

ಈಗ ಹಳೆಯ ಲೆಕ್ಕಕ್ಕೆ ಇದನ್ನು ಸೇರಿಸಿ. 2855 ÷ (418 + 22) = 6.49 ಡಿಗ್ರಿ. 6.8ರಿಂದ 6.5ಕ್ಕೆ ಬಂದೆವು.

ಬಿಸಿಲೂರಿನ ತೊಂದರೆ

ಉಳಿದ ಅಂತರಕ್ಕೆ ಕಾರಣ ನಮ್ಮ ಹವೆ. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಲ್ಯಾಬಿನಲ್ಲಿ 37 ಡಿಗ್ರಿ ಅಂದರೆ ಯಾರಿಗೂ ಆಶ್ಚರ್ಯ ಇಲ್ಲ. ಸೆಕೆಗಿಂತ ದೊಡ್ಡ ಕಳ್ಳ ಒಣ ಗಾಳಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ನಮ್ಮ ಇಡೀ ಪ್ರಯೋಗ ಕೊಡುವುದೇ 2.855! ಬಾಯಿ ತೆರೆದ ಕಪ್ಪಿನಿಂದ 0.1 ಗ್ರಾಂ ಆವಿಯಾದರೂ 240 ಜೂಲ್ ಹೋಯಿತು, ಏರಿಕೆಯಲ್ಲಿ ಅರ್ಧ ಡಿಗ್ರಿ ಕಡಿಮೆ. 0.1 ಗ್ರಾಂ ಅಂದರೆ ಎರಡು ಹನಿ. ಫ್ಯಾನ್ ಆಫ್ ಮಾಡಿ, ಮುಚ್ಚಳ ಬಿಗಿ ಮಾಡಿ ಅಂತ ಮೇಷ್ಟ್ರು ಹೇಳುವುದು ಸುಮ್ನೆ ಅಲ್ಲ.

ಹರವಿಯ (ಮಣ್ಣಿನ ಕೊಡದ) ನೀರು ತಣ್ಣಗಿರುವುದೂ ನೀರು ಹೀಗೆ ಆವಿಯಾಗುವುದರಿಂದಲೇ. ಆ ತಂಪನ್ನು ನಾವು ಬಳಸಿಕೊಳ್ಳಬಹುದು. ಲ್ಯಾಬ್ 37 ಇದ್ದರೆ, ಆಮ್ಲ, ಕ್ಷಾರದ ಬಾಟಲಿಗಳನ್ನು ಮುಚ್ಚಿ ಹರವಿಯ ನೀರು ತುಂಬಿದ ಪಾತ್ರೆಯಲ್ಲಿ ನಿಲ್ಲಿಸಿ, 34ಕ್ಕೆ ಇಳಿಸಿ. ಬೆರೆಸಿದ ಮೇಲೆ ಕಪ್ಪು 40ರ ಆಸುಪಾಸಿಗೆ ಹೋಗುತ್ತದೆ. ಕೋಣೆಗಿಂತ 3 ಡಿಗ್ರಿ ಜಾಸ್ತಿ ಮಾತ್ರ. 37ರಿಂದಲೇ ಶುರು ಮಾಡಿದ್ದರೆ 6 ಡಿಗ್ರಿ ಜಾಸ್ತಿ ಇರುತ್ತಿತ್ತು. ಶಾಖ ಸೋರುವ ವೇಗ ಈ ಅಂತರವನ್ನೇ ಅವಲಂಬಿಸಿದೆ, ಹಾಗಾಗಿ ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟು 20ಕ್ಕೆ ತರುವುದು ಬೇಡ, ಆಗ ಕೋಣೆಯ ಬಿಸಿಯೇ ಒಳಗೆ ನುಗ್ಗುತ್ತದೆ.

ಇನ್ನೊಂದು ಮಾತು. 57.1 ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆಯಲ್ಲ. ತುಂಬಾ ತೆಳು ದ್ರಾವಣಕ್ಕೆ 25 ಡಿಗ್ರಿಯಲ್ಲಿ ಅದು 55.8. ತಾಪಮಾನ ಒಂದು ಡಿಗ್ರಿ ಏರಿದಂತೆ ಸುಮಾರು 0.2 ಕಿಲೋಜೂಲ್ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಬೇಸಿಗೆಯ ವಿಜಯಪುರದಲ್ಲಿ 54, 55 ಬಂದರೆ ಅದು ಕೆಟ್ಟ ಪ್ರಯೋಗ ಅಲ್ಲ. ರೆಕಾರ್ಡ್ ಬುಕ್ಕಿನಲ್ಲಿ 57.1 ಬರಲಿ ಅಂತ ಓದುವಿಕೆ ತಿದ್ದುವವರು ನಿಜವಾದ ಉತ್ತರವನ್ನು ಅಳಿಸಿ ಸುಳ್ಳು ಬರೆಯುತ್ತಿರುತ್ತಾರೆ.

ಬೆರೆಸಿ, ಓದಿ, ಗೆರೆ ಎಳೆಯಿರಿ

ಕಪ್ಪಿನಲ್ಲಿ 50 ಮಿ.ಲೀ. ಆಮ್ಲ ಹಾಕಿ. ಪಿಪೆಟ್ ಇದ್ದರೆ ಅದರಿಂದಲೇ ಅಳೆಯಿರಿ, ಬಾಯಿಂದ ಎಳೆಯಬೇಡಿ, ರಬ್ಬರ್ ಬಲ್ಬ್ ಬಳಸಿ. ಅರ್ಧ ನಿಮಿಷಕ್ಕೊಮ್ಮೆ ತಾಪಮಾನ ಬರೆಯುತ್ತಾ ಹೋಗಿ, ಮೂರು ನಿಮಿಷ. ಕ್ಷಾರದ ತಾಪಮಾನವನ್ನೂ ಈ ನಡುವೆ ನೋಡಿಕೊಳ್ಳಿ. ನಾಲ್ಕನೇ ನಿಮಿಷಕ್ಕೆ ಸರಿಯಾಗಿ ಕ್ಷಾರವನ್ನು ಒಂದೇ ಸಲ ಸುರಿದು, ಮುಚ್ಚಿ, ಕಲಕಿ. ನಿಧಾನ ಸುರಿದರೆ ಅಷ್ಟರಲ್ಲೇ ಶಾಖ ಸೋರುತ್ತದೆ. ಆಮೇಲೆ ಹತ್ತನೇ ನಿಮಿಷದವರೆಗೆ ಅರ್ಧ ನಿಮಿಷಕ್ಕೊಂದು ಓದುವಿಕೆ.

ಗ್ರಾಫ್ ಹಾಳೆಯಲ್ಲಿ ಸಮಯ ಅಡ್ಡಕ್ಕೆ, ತಾಪಮಾನ ಉದ್ದಕ್ಕೆ. ಮೊದಲ ಚುಕ್ಕಿಗಳ ಗೆರೆಯನ್ನು ನಾಲ್ಕನೇ ನಿಮಿಷಕ್ಕೆ ಮುಂದಕ್ಕೆ ಎಳೆಯಿರಿ. ಏರಿದ ಮೇಲಿನ ನಿಧಾನ ಇಳಿಯುವ ಚುಕ್ಕಿಗಳ ಗೆರೆಯನ್ನು ನಾಲ್ಕನೇ ನಿಮಿಷಕ್ಕೆ ಹಿಂದಕ್ಕೆ ಎಳೆಯಿರಿ. ಆ ನಿಮಿಷದಲ್ಲಿ ಎರಡು ಗೆರೆಗಳ ನಡುವಿನ ಎತ್ತರವೇ ನಿಜವಾದ ಏರಿಕೆ. ಥರ್ಮಾಮೀಟರ್ ತೋರಿಸಿದ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದರೆ ಸ್ವಲ್ಪ ಕಡಿಮೆ ಬರುತ್ತದೆ, ಅದು ಅಲ್ಲಿಗೆ ತಲುಪುವಷ್ಟರಲ್ಲಿ ಕಪ್ಪು ಆರಲು ಶುರುವಾಗಿರುತ್ತದೆ. ಆಮ್ಲ, ಕ್ಷಾರದ ಆರಂಭ ಬೇರೆ ಇದ್ದರೆ ಕೆಳಗಿನ ತುದಿಗೆ ಸರಾಸರಿಯನ್ನು ಹಿಡಿಯಿರಿ.

ಗ್ರಾಫ್ 6.2 ಕೊಟ್ಟಿತು ಅನ್ನೋಣ. ಈಗ ಲೆಕ್ಕ ಉಲ್ಟಾ ಹೋಗುತ್ತದೆ. 440 × 6.2 = 2728 ಜೂಲ್. 0.050ರಿಂದ ಭಾಗಿಸಿ, 54.6 ಕಿಲೋಜೂಲ್. ಕಪ್ಪಿನ 22 ಮರೆತು ಬರೀ 418 ಬಳಸಿದ್ದರೆ 51.8 ಬರುತ್ತಿತ್ತು. ಉತ್ತರ ಬರೆಯುವಾಗ ಹಿಂದೆ ಋಣ ಚಿಹ್ನೆ ಹಾಕಿ: ಮೋಲ್‌ಗೆ −54.6 ಕಿಲೋಜೂಲ್. ಶಾಖ ಹೊರಗೆ ಹೋಗಿದೆ ಅನ್ನುವುದರ ಗುರುತು ಅದು. ತಾಪಮಾನದ ಏರಿಕೆಗೆ ಮಾತ್ರ ಧನ ಚಿಹ್ನೆಯೇ.

ಕಪ್ಪಿನ ಪಾಲು ನಿಜವೋ ಅಂತ ಅನುಮಾನ ಇದ್ದರೆ 25 ಮತ್ತು 25 ಮಿ.ಲೀ. ಬೆರೆಸಿ ನೋಡಿ. ಕಪ್ಪು ಇಲ್ಲದ ಲೆಕ್ಕ ಮತ್ತೆ 6.83 ಅನ್ನುತ್ತದೆ. ಕಪ್ಪು ಸೇರಿಸಿದರೆ 1427.5 ÷ (209 + 22) = 6.18. 100 ಮತ್ತು 100 ಬೆರೆಸಿದರೆ 5710 ÷ (836 + 22) = 6.66. ದ್ರವ ಜಾಸ್ತಿಯಾದಷ್ಟೂ ಕಪ್ಪಿನ ಪಾಲು ಸಣ್ಣದಾಗುತ್ತದೆ. ಕಪ್ಪು ದೊಡ್ಡದಿದ್ದು, ಲ್ಯಾಬಿನಲ್ಲಿ ಆಮ್ಲಕ್ಕೆ ಬರ ಇಲ್ಲದಿದ್ದರೆ ನಾನು 100 ಮಿ.ಲೀ.ಯನ್ನೇ ಆರಿಸುತ್ತೇನೆ.

ಮುಗಿದ ಮೇಲೆ ಕಪ್ಪಿನಲ್ಲಿ ಸ್ವಲ್ಪ ಕ್ಷಾರ ಉಳಿದಿರುತ್ತದೆ, ನಾವೇ ಬೇಕಂತ ಜಾಸ್ತಿ ಹಾಕಿದ್ದೆವಲ್ಲ. ಕೆಂಪು ಲಿಟ್ಮಸ್ ನೀಲಿಯಾಗುವುದು ನಿಲ್ಲುವವರೆಗೆ ತೆಳು ಆಮ್ಲವನ್ನು ಹನಿ ಹನಿಯಾಗಿ ಬಿಡಿ. ಆಮೇಲೆ ಉಳಿದದ್ದು ಉಪ್ಪುನೀರು. ಸಿಂಕಿಗೆ ಸುರಿದು ನೀರು ಬಿಡಿ.